ಟಿಬಿ ಕೇಸ್ ಕಡಿಮೆಯಾದರೆ ಖುಷಿಪಡಬೇಕಾ?

ನಮ್ಮ ಚಿಕ್ಕಪ್ಪನಿಗೆ ಟಿಬಿ ಅಂತ ಗೊತ್ತಾದ ದಿನ ಅವರ ತೂಕ 41 ಕೆಜಿ ಇತ್ತು. ಮೂಡಿಗೆರೆ ಕಡೆಯವರು. ಎರಡೂವರೆ ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು, ವಯಸ್ಸು 58. ಕೆಮ್ಮು ಶುರುವಾಗಿದ್ದು 2023ರ ಜುಲೈನಲ್ಲಿ. ಮಲೆನಾಡಿನ ಜುಲೈನಲ್ಲಿ ಕೆಮ್ಮದೆ ಇರುವವರು ಯಾರು ಹೇಳಿ? ಮಳೆ, ಥಂಡಿ, ಒಲೆ ಹೊಗೆ, ಬೀಡಿ. ಕಾರಣಕ್ಕೇನೂ ಬರವಿಲ್ಲ. ಮೊದಲು ಮೆಣಸಿನ ಕಷಾಯ ಆಯ್ತು. ಆಮೇಲೆ ಮೆಡಿಕಲ್ ಶಾಪಿನ ಸಿರಪ್ಪು. ಆಮೇಲೆ ಪೇಟೆಯ ಒಂದು ಕ್ಲಿನಿಕ್. ಅಲ್ಲಿ ಮೂರು ಸಲ ಹೋದರು, ಮೂರು ಸಲವೂ ಬೇರೆ ಬೇರೆ ಆ್ಯಂಟಿಬಯಾಟಿಕ್ ಕೊಟ್ಟರು. ಪ್ರತಿ ಸಲ ಒಂದು ವಾರ ಹಗುರ ಅನ್ನಿಸುತ್ತಿತ್ತು, ಮತ್ತೆ ಅದೇ ಕತೆ. ಕಫ ಪರೀಕ್ಷೆ ಮಾಡಿಸಿ ಅಂತ ಕೊನೆಗೆ ಹೇಳಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಅಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಹಗುರ ಅನ್ನಿಸಿದ್ದಕ್ಕೂ ಒಂದು ಕಾರಣವಿದೆ. ಲೆವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್ ಮಾತ್ರೆಗಳು ಟಿಬಿ ರೋಗಾಣುವಿಗೂ ಸ್ವಲ್ಪ ಪೆಟ್ಟು ಕೊಡುತ್ತವೆ. ಪೂರ್ತಿ ಕೊಲ್ಲುವುದಿಲ್ಲ. ಹೀಗಾಗಿ ಕಾಯಿಲೆ ಕೆಲವು ದಿನ ಮುಚ್ಚಿಕೊಳ್ಳುತ್ತದೆ, ರೋಗಿ ಗುಣವಾಯ್ತು ಅಂದುಕೊಳ್ಳುತ್ತಾನೆ, ಪರೀಕ್ಷೆ ಇನ್ನಷ್ಟು ಮುಂದಕ್ಕೆ ಹೋಗುತ್ತದೆ.

ನಾನು ಹೇಳಹೊರಟಿರುವುದು ಬೇರೆ. ಆ ಐದು ತಿಂಗಳು ಚಿಕ್ಕಪ್ಪ ಮನೆಯಲ್ಲಿ, ತೋಟದಲ್ಲಿ, ಬಸ್ಸಿನಲ್ಲಿ ಕೆಮ್ಮುತ್ತಲೇ ಇದ್ದರು. ಆದರೆ ಯಾವ ಸರ್ಕಾರಿ ಲೆಕ್ಕದಲ್ಲೂ ಅವರು ಇರಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಜಿಲ್ಲೆಯ ಟಿಬಿ ಅಂಕಿ ಚೆನ್ನಾಗಿಯೇ ಕಾಣುತ್ತಿತ್ತು. ನವೆಂಬರ್‌ನಲ್ಲಿ ಅವರ ಹೆಸರು ಸರ್ಕಾರ ಟಿಬಿ ರೋಗಿಗಳನ್ನು ದಾಖಲಿಸುವ ‘ನಿಕ್ಷಯ್’ ಪೋರ್ಟಲ್‌ಗೆ ಹತ್ತಿದಾಗ ಅಂಕಿ ಒಂದು ಜಾಸ್ತಿಯಾಯಿತು. ಊರಿಗೆ ಅದು ಒಳ್ಳೆಯ ಸುದ್ದಿ. ಪಟ್ಟಿಯಲ್ಲಿ ಮಾತ್ರ ಕೆಟ್ಟದಾಗಿ ಕಾಣುತ್ತದೆ.

ಇರುವುದು, ಸಿಕ್ಕಿದ್ದು, ಗುಣವಾದದ್ದು

ಪೇಪರಿನಲ್ಲಿ ಬರುವ ಟಿಬಿ ಅಂಕಿಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿಟ್ಟುಕೊಂಡು ಓಡಾಡುತ್ತವೆ. ನಿಜವಾಗಿ ಎಷ್ಟು ಜನಕ್ಕೆ ಕಾಯಿಲೆ ಇದೆ ಅನ್ನುವುದು ಒಂದು. ಅದರಲ್ಲಿ ಎಷ್ಟು ಜನ ಸಿಕ್ಕರು ಅನ್ನುವುದು ಇನ್ನೊಂದು. ಸಿಕ್ಕವರಲ್ಲಿ ಎಷ್ಟು ಜನ ಗುಣವಾದರು ಅನ್ನುವುದು ಮೂರನೆಯದು. ಮೊದಲನೆಯದು ಅಂದಾಜು. ಎರಡನೆಯದು ಎಣಿಕೆ. ಮೂರನೆಯದೂ ಎಣಿಕೆಯೇ, ಆದರೆ ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಅನ್ನುವುದರ ಮೇಲೆ ನಿಂತಿದೆ.

ಎರಡನೆಯದನ್ನು ಮೊದಲನೆಯದು ಅಂತ ಓದಿದರೆ ಏನಾಗುತ್ತದೆ ನೋಡಿ. 2019ರಲ್ಲಿ ದೇಶದಲ್ಲಿ 24 ಲಕ್ಷ ಟಿಬಿ ರೋಗಿಗಳು ದಾಖಲಾದರು. 2020ರಲ್ಲಿ 18 ಲಕ್ಷ. ಒಂದೇ ವರ್ಷದಲ್ಲಿ ಕಾಲು ಭಾಗ ಇಳಿಕೆ! ಕೊರೊನಾ ಬಂದು ಬಸ್ ನಿಂತಿತ್ತು, ಲ್ಯಾಬಿನವರೆಲ್ಲ ಬೇರೆ ಕೆಲಸದಲ್ಲಿದ್ದರು, ಕೆಮ್ಮಿದರೆ ಎಲ್ಲಿ ಹಿಡಿದುಕೊಂಡು ಹೋಗುತ್ತಾರೋ ಅಂತ ಜನ ಹೆದರಿದ್ದರು. ಇಳಿದದ್ದು ಹುಡುಕಾಟ. 2022ಕ್ಕೆ ಮತ್ತೆ 24 ಲಕ್ಷ ದಾಟಿತು, 2023ಕ್ಕೆ 25.5 ಲಕ್ಷ ಆಯಿತು. ಗ್ರಾಫ್ ಮಾತ್ರ ನೋಡಿದವರಿಗೆ ಟಿಬಿ ಜೋರಾಗಿ ಏರುತ್ತಿದೆ ಅನ್ನಿಸಬಹುದು. ಕಳೆದುಹೋದವರನ್ನು ಹುಡುಕಿ ತಂದದ್ದೂ ಅದರಲ್ಲಿದೆ.

ಹಾಗಾದರೆ ಕಾಯಿಲೆ ನಿಜವಾಗಿ ಇಳಿಯುತ್ತಿದೆಯಾ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಇಳಿಯುತ್ತಿದೆ. 2015ರಲ್ಲಿ ಭಾರತದಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ 237 ಹೊಸ ರೋಗಿಗಳು. 2023ಕ್ಕೆ 195, 2024ಕ್ಕೆ 187. ಲಕ್ಷಕ್ಕೆ ಸಾವು 28 ಇದ್ದದ್ದು 2023ಕ್ಕೆ 22 ಆಯಿತು. ಇಡೀ ಪ್ರಪಂಚ ಇಳಿದದ್ದಕ್ಕಿಂತ ನಾವು ವೇಗವಾಗಿ ಇಳಿದಿದ್ದೇವೆ, ಅದನ್ನು ಒಪ್ಪಬೇಕು. ಆದರೆ ನಾವು ಹಾಕಿಕೊಂಡ ಗುರಿ 2025ರೊಳಗೆ ಟಿಬಿ ಮುಗಿಸುವುದು, ಅಂದರೆ 2015ರ ಮಟ್ಟದಿಂದ ನೂರಕ್ಕೆ 80ರಷ್ಟು ಇಳಿಸುವುದು. 2024ರ ಹೊತ್ತಿಗೆ ಇಳಿದದ್ದು ನೂರಕ್ಕೆ 21. ಗೋಡೆ ಮೇಲಿನ ‘2025’ ಬರಹ ಇನ್ನೂ ಪಿಎಚ್‌ಸಿಗಳಲ್ಲಿ ಹಾಗೇ ಇದೆ. ಸುಣ್ಣ ಬಳಿಯುವ ತನಕ ಇರುತ್ತದೆ.

ಕರ್ನಾಟಕದ ಲೆಕ್ಕ ಸ್ವಲ್ಪ ಯೋಚಿಸುವಂತಿದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ 80 ಸಾವಿರದ ಆಸುಪಾಸು ರೋಗಿಗಳು ದಾಖಲಾಗುತ್ತಾರೆ. ಲಕ್ಷಕ್ಕೆ ಲೆಕ್ಕ ಹಾಕಿದರೆ 120ರ ಹತ್ತಿರ. ದೇಶದ ಸರಾಸರಿ ದಾಖಲಾತಿ ಇದಕ್ಕಿಂತ ಒಂದೂವರೆ ಪಟ್ಟು. ನಮ್ಮಲ್ಲಿ ಕಾಯಿಲೆಯೇ ಕಡಿಮೆಯಾ, ಅಥವಾ ನಾವು ಹುಡುಕುತ್ತಿರುವುದು ಕಡಿಮೆಯಾ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು ಅಂತ ನನ್ನ ಅನಿಸಿಕೆ. ಉತ್ತರ ಭಾರತದ ಕೆಲವು ರಾಜ್ಯಗಳಷ್ಟು ಹಸಿವು, ಇಕ್ಕಟ್ಟು ನಮ್ಮಲ್ಲಿಲ್ಲ, ನಿಜ. ಆದರೆ ಚಿಕ್ಕಪ್ಪನಂಥವರು ಊರಿಗೊಬ್ಬರು ಇದ್ದರೂ ಈ ಅಂಕಿ ಬೇರೆಯೇ ಆಗುತ್ತದೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.38 ಲಕ್ಷ. ರಾಜ್ಯದ ಸರಾಸರಿ ದಾಖಲಾತಿ ಹಾಕಿ ಗುಣಿಸಿದರೆ ವರ್ಷಕ್ಕೆ 1,350ರಷ್ಟು ರೋಗಿಗಳು. ದೇಶದ ಅಂದಾಜು ಹಾಕಿದರೆ 2,100 ದಾಟುತ್ತದೆ. ಇದು ನಾನು ಕಾಗದದ ಮೇಲೆ ಹಾಕಿದ ಗುಣಾಕಾರ, ವರದಿಯಲ್ಲ. ಯಾವ ಗುಣಕ ಹಿಡಿಯುತ್ತೀರಿ ಅನ್ನುವುದರ ಮೇಲೆ ಒಂದು ಜಿಲ್ಲೆಯಲ್ಲೇ ಏಳೆಂಟು ನೂರು ಜನ ಬರುತ್ತಾರೆ, ಹೋಗುತ್ತಾರೆ ಅಂತ ತೋರಿಸಲು ಹೇಳಿದೆ.

2019ರಿಂದ 2021ರವರೆಗೆ ದೇಶದಾದ್ಯಂತ ಮನೆಮನೆಗೆ ಹೋಗಿ ಟಿಬಿ ಸಮೀಕ್ಷೆ ಮಾಡಿದರು. ಅದರಲ್ಲಿ ಎರಡು ವಿಷಯ ನನಗೆ ಮುಖ್ಯ ಅನ್ನಿಸಿದವು. ಟಿಬಿ ಲಕ್ಷಣ ಇದ್ದವರಲ್ಲಿ ನೂರಕ್ಕೆ 64 ಜನ ಡಾಕ್ಟರ ಹತ್ತಿರ ಹೋಗಿಯೇ ಇರಲಿಲ್ಲ. ಮತ್ತೆ, ಎದೆಯ ಎಕ್ಸ್‌ರೇ ತೆಗೆಯದೆ ಬರೀ ‘ಕೆಮ್ಮಿದೆಯಾ, ಜ್ವರ ಇದೆಯಾ’ ಅಂತ ಕೇಳಿದ್ದರೆ ನೂರಕ್ಕೆ 43ರಷ್ಟು ರೋಗಿಗಳು ಸಿಗುತ್ತಲೇ ಇರಲಿಲ್ಲ. ಅಂದರೆ ಕೆಮ್ಮೇ ಇಲ್ಲದ ಟಿಬಿಯೂ ಧಾರಾಳವಾಗಿದೆ. 2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಲ್ಲಿ ಶುರುವಾದ ನೂರು ದಿನದ ಆಂದೋಲನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಇಟ್ಟುಕೊಂಡು ಊರೂರು ಸುತ್ತಿದ್ದು ಇದಕ್ಕೇ.

ತುಮಕೂರಿನ ಕೆಮ್ಮು

ಇಲ್ಲಿ ಹಳೆಯ ಒಂದು ಸಂಗತಿ ಹೇಳಬೇಕು. ನಮ್ಮ ನೆರೆಯ ತುಮಕೂರು ಜಿಲ್ಲೆಯದು, ಅರಸೀಕೆರೆ ದಾಟಿದರೆ ಸಿಗುವ ಸೀಮೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಶುರುವಾದ ಹೊಸದರಲ್ಲಿ ಅಲ್ಲಿನ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಅನ್ನುವುದು ಆಗ ಎಲ್ಲರ ನಂಬಿಕೆ. ಹೋಗಿ ಕೇಳಿದರೆ ಕತೆ ತಿರುಗಿತ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದಾಗಲೇ ವೈದ್ಯರ ಹತ್ತಿರ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆಯೇ ದೇಶದ ಕ್ಷಯ ಕಾರ್ಯಕ್ರಮದ ಒಂದು ತತ್ವ ನಿಂತಿತು. ಜನ ಬಂದೇ ಬರುತ್ತಾರೆ, ಬಂದವರ ಕಫ ನೋಡಿ ಅಂತ.

ಅರವತ್ತು ವರ್ಷ ಆಯ್ತು. ಚಿಕ್ಕಪ್ಪನ ಕಿಟಕಿಯ ಮೇಲೆ ಐದು ಸಿರಪ್ ಬಾಟಲಿ ಸಾಲಾಗಿ ನಿಂತಿದ್ದವು.

ವ್ಯತ್ಯಾಸ ಏನಂದರೆ ಆಗ ಬರುತ್ತಿದ್ದುದು ಸರ್ಕಾರಿ ಡಿಸ್ಪೆನ್ಸರಿಗೆ, ಈಗ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ಖಾಸಗಿ ಕ್ಲಿನಿಕ್ಕಿಗೆ. ಖಾಸಗಿ ಡಾಕ್ಟರು ಟಿಬಿ ರೋಗಿಯನ್ನು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2012ರಿಂದ ನಿಯಮ ಇದೆ. ತಿಳಿಸಿದರೆ 500 ರೂಪಾಯಿ ಗೌರವಧನವೂ ಇದೆ. ಇದರಿಂದ ಲಾಭ ಆಗಿಲ್ಲ ಅನ್ನುವಂತಿಲ್ಲ. 2023ರಲ್ಲಿ ದಾಖಲಾದವರಲ್ಲಿ ಮೂರನೇ ಒಂದು ಪಾಲು ಖಾಸಗಿಯವರಿಂದಲೇ ಬಂದದ್ದು. ಆದರೆ ಈ ನಿಯಮ ಹಿಡಿಯುವುದು ಕಾಯಿಲೆ ಪತ್ತೆಯಾದ ಮೇಲೆ. ಪತ್ತೆ ಮಾಡದೆ ಮೂರು ಸಲ ಆ್ಯಂಟಿಬಯಾಟಿಕ್ ಬರೆದವರನ್ನು ಯಾವ ನಿಯಮವೂ ಹಿಡಿಯುವುದಿಲ್ಲ.

ಪರೀಕ್ಷೆಯಂತೂ ಈಗ ಎಷ್ಟೋ ಸುಲಭ. ಹಿಂದೆ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರಲ್ಲಿ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ ಸಾವಿರಗಟ್ಟಲೆ ರೋಗಾಣು ಇರಬೇಕು. ರೋಗಾಣುವಿನ ಡಿಎನ್ಎ ಹುಡುಕುವ ಸಿಬಿನ್ಯಾಟ್ ಯಂತ್ರಕ್ಕೆ ನೂರಿನ್ನೂರು ಸಾಕು. ನಮ್ಮ ದೇಶದಲ್ಲೇ ತಯಾರಾಗುವ ಟ್ರೂನ್ಯಾಟ್ ಕೂಡ ಅದೇ ಜಾತಿಯದು. ರೋಗಾಣು ಇದೆಯಾ ಅಂತ ಹೇಳುವುದರ ಜೊತೆಗೆ ರಿಫಾಂಪಿಸಿನ್ ಮಾತ್ರೆಗೆ ಅದು ಬಗ್ಗುತ್ತದಾ ಇಲ್ಲವಾ ಅನ್ನುವುದನ್ನೂ ಅದೇ ದಿನ ಹೇಳುತ್ತದೆ. ಚಿಕ್ಕಪ್ಪನ ಫಲಿತಾಂಶ ಮಾರನೇ ದಿನವೇ ಬಂತು. ಐದು ತಿಂಗಳ ಕೆಮ್ಮಿಗೆ ಒಂದು ದಿನದ ಉತ್ತರ.

ತೂಕದ ಮಾತು

ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲ ಸೇರಿಸಿ ಒಂದೇ ಮಾತ್ರೆ ಮಾಡಿರುತ್ತಾರೆ. ದಿನಕ್ಕೆ ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. 35ರಿಂದ 49 ಕೆಜಿ ಇದ್ದರೆ ಮೂರು, 50ರಿಂದ 64 ಇದ್ದರೆ ನಾಲ್ಕು. ಚಿಕ್ಕಪ್ಪನಿಗೆ ಮೂರು ಬಂತು. ಪೂರ್ತಿ ಉಚಿತ.

ನಾಲ್ಕನೇ ದಿನ ಅವರು ಮಾತ್ರೆ ನಿಲ್ಲಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ. ಆಶಾ ಬಂದು ಮಾತ್ರೆಯ ಸ್ಟ್ರಿಪ್ ನೋಡಿದಾಗ ಎರಡು ದಿನದ ಮಾತ್ರೆ ಹಾಗೇ ಇದ್ದವು.

“ಯಾಕಣ್ಣಾ?”

“ಮೂತ್ರ ಕೆಂಪಗೆ ಹೋಗ್ತಿದೆ ಕಣಮ್ಮ. ಒಳಗೆ ರಕ್ತ ಒಡೆದಿದೆ.”

“ಅಯ್ಯೋ, ಅದು ಮಾತ್ರೆ ಬಣ್ಣ ಅಣ್ಣಾ. ಕೆಂಪಗೆ ಹೋಗದಿದ್ರೆ ನನಗೆ ಹೇಳಿ. ಆಗ ನೀವು ನುಂಗ್ತಿಲ್ಲ ಅಂತ ಗೊತ್ತಾಗುತ್ತೆ.”

ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಅಷ್ಟೇ. ಇದನ್ನು ಮಾತ್ರೆ ಕೊಡುವ ದಿನವೇ ಒಂದು ಮಾತು ಹೇಳಿದ್ದರೆ ಆಗಿತ್ತು. ಹೇಳಿದ್ದರೋ ಏನೋ, ಆ ದಿನ ಚಿಕ್ಕಪ್ಪನ ಕಿವಿಗೆ ‘ಟಿಬಿ’ ಅನ್ನುವ ಎರಡಕ್ಷರ ಬಿಟ್ಟು ಬೇರೇನೂ ಬಿದ್ದಿರಲಿಕ್ಕಿಲ್ಲ.

ಮಾತ್ರೆ ಸಿಗದೆ ಹೋದರೆ ಏನಾಗುತ್ತಿತ್ತು ಅನ್ನುವುದಕ್ಕೂ ನಮ್ಮ ಕಡೆಯದೇ ಲೆಕ್ಕವಿದೆ. 1961ರಿಂದ 68ರವರೆಗೆ ಅದೇ ಕ್ಷಯ ಸಂಸ್ಥೆ ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ರೋಗಾಣು ಸಿಕ್ಕವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧ ಜನ ತೀರಿಕೊಂಡರು. ಮೂರನೇ ಒಂದು ಭಾಗದವರು ತಾವಾಗಿಯೇ ಚೇತರಿಸಿಕೊಂಡರು. ಉಳಿದವರು ಕೆಮ್ಮುತ್ತಲೇ ಇದ್ದರು. ಮಾತ್ರೆಯೇ ಇಲ್ಲದ ಕಾಲದಲ್ಲಿ ದುಡ್ಡಿದ್ದವರಿಗೂ ಬೇರೆ ದಾರಿ ಇರಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ 1913ರಲ್ಲಿ ಈ ಕಾಯಿಲೆಯಲ್ಲೇ ಹೋದರು. ಅವರ ಹೆಸರಿನ ಮೈಸೂರಿನ ಸ್ಯಾನಿಟೋರಿಯಂ, ಅಂದರೆ ಕ್ಷಯದ ಆಸ್ಪತ್ರೆ, ಜನರ ಬಾಯಲ್ಲಿ ‘ಪಿಕೆ ಸ್ಯಾನಿಟೋರಿಯಂ’ ಆಯಿತು. ಒಳ್ಳೆ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ, ಇದೇ ಚಿಕಿತ್ಸೆ. ಬರೀ ಗಾಳಿಯಿಂದ ಆಗುವುದಿದ್ದರೆ ಮೂಡಿಗೆರೆಯಲ್ಲಿ ಟಿಬಿಯೇ ಇರಬಾರದಿತ್ತು, ಅಲ್ವಾ? 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಪ್ರಯೋಗ ಈ ನಂಬಿಕೆ ಮುರಿಯಿತು. ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾದರು. ಆಮೇಲೆ ಹಾಸಿಗೆ ಹೋಯಿತು, ಗಾಳಿ ಹೋಯಿತು. ಅವುಗಳ ಜೊತೆಗೆ ಹಾಲು ಮೊಟ್ಟೆಯೂ ಹೋಯಿತು. ಅದು ತಪ್ಪಾಯಿತೇನೋ ಅಂತ ಈಗ ಅನ್ನಿಸುತ್ತಿದೆ.

ಹಾಗನ್ನಿಸಲು ಕಾರಣ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ತಂಡ ಜಾರ್ಖಂಡಿನಲ್ಲಿ ಮಾಡಿದ ‘ರೇಷನ್ಸ್’ ಅಧ್ಯಯನ. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಬಂತು. 2,800 ರೋಗಿಗಳು. ಐವರಲ್ಲಿ ನಾಲ್ವರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಎಲ್ಲ ರೋಗಿಗಳಿಗೂ ತಿಂಗಳಿಗೆ ಹತ್ತು ಕೆಜಿ ಆಹಾರದ ಚೀಲ ಕೊಟ್ಟರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕುಟುಂಬಗಳಲ್ಲಿ ಮನೆಯ ಉಳಿದವರಿಗೂ ತಲೆಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಲಸಿಕೆಯಿಲ್ಲ, ಹೊಸ ಔಷಧಿಯಿಲ್ಲ. ಬೇಳೆ! ರೋಗಿಗಳಲ್ಲಿ ಕಂಡದ್ದು ಇನ್ನೂ ದೊಡ್ಡದು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಇಳಿದಿತ್ತು.

41 ಕೆಜಿಗೆ ಐದು ಶೇಕಡಾ ಅಂದರೆ ಎರಡು ಕೆಜಿ. ಇದನ್ನು ಓದಿದ ಮೇಲೆ ನಾನು ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟೇ: “ಜನವರಿ ಒಳಗೆ 43 ಆಗ್ಬೇಕು ಚಿಕ್ಕಮ್ಮ.” ಅವರು ಕೋಳಿ ಮಾರುವುದನ್ನು ನಿಲ್ಲಿಸಿದರು. ಜನವರಿ ಕೊನೆಗೆ 44 ಆಯಿತು.

ಎಲ್ಲರ ಮನೆಯಲ್ಲೂ ಮಾರುವುದಕ್ಕೆ ಕೋಳಿ ಇರುವುದಿಲ್ಲ. ಸರ್ಕಾರ 2018ರಿಂದ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ಮಾಡಿದೆ. ದಿನಕ್ಕೆ 33 ರೂಪಾಯಿ. ಎರಡು ಮೊಟ್ಟೆ, ಅರ್ಧ ಲೀಟರಿಗಿಂತ ಕಡಿಮೆ ಹಾಲು. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಸಾವುಗಳಲ್ಲಿ ಬಹುಪಾಲು ಆಗುವುದು ಮೊದಲ ಎರಡು ತಿಂಗಳಲ್ಲೇ. ದುಡ್ಡು ಆ ಹೊತ್ತಿಗೆ ಕೈಗೆ ಬರದಿದ್ದರೆ ಬಂದೂ ಏನು ಬಂತು? ಚಿಕ್ಕಪ್ಪನ ಮೊದಲ ಕಂತು ಬಂದಾಗ ಫೆಬ್ರವರಿ.

ತಮಿಳುನಾಡು 2022ರ ಏಪ್ರಿಲ್‌ನಿಂದ ಒಂದು ಸರಳ ಉಪಾಯ ಮಾಡಿದೆ. ಟಿಬಿ ಅಂತ ಗೊತ್ತಾದ ದಿನವೇ ಐದು ವಿಷಯ ನೋಡುವುದು. ಎತ್ತರಕ್ಕೆ ತಕ್ಕ ತೂಕ ಇದೆಯಾ, ಕಾಲು ಊದಿದೆಯಾ, ನಿಮಿಷಕ್ಕೆ ಎಷ್ಟು ಉಸಿರು, ರಕ್ತದಲ್ಲಿ ಆಮ್ಲಜನಕ ಎಷ್ಟು, ಯಾರ ಆಸರೆಯೂ ಇಲ್ಲದೆ ಎದ್ದು ನಿಲ್ಲುತ್ತಾರಾ. ತೀರಾ ಸೋತವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸುವುದಿಲ್ಲ, ಆಸ್ಪತ್ರೆಗೆ ಸೇರಿಸುತ್ತಾರೆ. ಇದಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ, ಬೆರಳಿಗೆ ಹಾಕುವ ಒಂದು ಕ್ಲಿಪ್ಪು, ಒಂದು ಗಡಿಯಾರ.

ನಮ್ಮ ತೋಟಗಳಲ್ಲಿ ಪ್ರತಿ ಸಂಜೆ ಕೊಯ್ದ ಕಾಫಿ ಹಣ್ಣು ತೂಗುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರು ಪುಸ್ತಕ ಹಿಡಿದು ನಿಂತಿರುತ್ತಾರೆ, ಗ್ರಾಂ ಲೆಕ್ಕದಲ್ಲಿ ಜಗಳ ಆಗುತ್ತದೆ. ಕೊಯ್ದವರ ತೂಕ ಎಷ್ಟು ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಫೆಬ್ರವರಿಯಲ್ಲಿ ಹೊರಟವನು

ಚಿಕಿತ್ಸೆಯ ಫಲಿತಾಂಶವನ್ನು ಸರ್ಕಾರ ಹೀಗೆ ಬರೆಯುತ್ತದೆ: ಗುಣವಾದರು, ಚಿಕಿತ್ಸೆ ಮುಗಿಸಿದರು, ಚಿಕಿತ್ಸೆ ಫಲಿಸಲಿಲ್ಲ, ತೀರಿಕೊಂಡರು, ಕೈತಪ್ಪಿದರು, ಗೊತ್ತಿಲ್ಲ. ಮೊದಲ ಎರಡನ್ನು ಕೂಡಿಸಿದರೆ ‘ಯಶಸ್ಸು’. ದೇಶದಲ್ಲಿ ಅದು ನೂರಕ್ಕೆ 85ರಿಂದ 90ರ ನಡುವೆ ಇದೆ. ಒಳ್ಳೆಯ ಅಂಕಿ. ಆದರೆ ಮಾತ್ರೆ ಮುಗಿದ ದಿನಕ್ಕೆ ಈ ಲೆಕ್ಕ ನಿಲ್ಲುತ್ತದೆ. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ನೋಡಬೇಕು ಅಂತ ನಿಯಮವಿದೆ. ಕಾಯಿಲೆ ಮತ್ತೆ ಬಂದರೆ ಅದು ಇನ್ನೊಂದು ಕೇಸ್ ಆಗಿ ದಾಖಲಾಗುತ್ತದೆ, ಹಳೆಯ ಯಶಸ್ಸು ಹಾಗೇ ಇರುತ್ತದೆ.

ನನಗೆ ಜಾಸ್ತಿ ಕಾಡುವುದು ಕೊನೆಯ ಎರಡು ಕಾಲಂ. ನಮ್ಮ ಜಿಲ್ಲೆಯಲ್ಲಿ ಆ ಕಾಲಂಗಳಿಗೆ ಬೀಳುವವರು ಯಾರು ಅಂತ ಊಹಿಸಲು ಕಷ್ಟವಿಲ್ಲ. ಚಿಕ್ಕಮಗಳೂರಿನ ಜನಸಂಖ್ಯೆ 2001ಕ್ಕಿಂತ 2011ರಲ್ಲಿ ಸ್ವಲ್ಪ ಕಡಿಮೆಯಾಯಿತು. ಊರಿನ ಹುಡುಗರು ಬೆಂಗಳೂರಿಗೆ ಹೋದರು. ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಜನ ಬಂದರು. ಸಕಲೇಶಪುರ, ಆಲೂರು, ಬೇಲೂರು ಕಡೆಯೂ ಇದೇ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾದಾಗ ಬರುತ್ತಾರೆ, ರೊಬಸ್ಟಾ ಕೊಯ್ಲು ಮುಗಿದಾಗ ಹೊರಡುತ್ತಾರೆ. ಇರುವುದು ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗಾಗಿ ತೋಟದಲ್ಲಿ ಕಟ್ಟಿದ ಸಾಲುಮನೆಯಲ್ಲಿ. ಒಂದು ಕೋಣೆಯಲ್ಲಿ ಐದಾರು ಜನ, ಚಳಿಗೆ ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ, ಒಳಗೇ ಒಲೆ. ಟಿಬಿ ಹರಡುವುದಕ್ಕೆ ಇದಕ್ಕಿಂತ ಅನುಕೂಲ ಬೇಕಾ?

ಲೆಕ್ಕ ಹಾಕಿ. ಡಿಸೆಂಬರ್‌ನಲ್ಲಿ ಟಿಬಿ ಸಿಕ್ಕರೆ ಮಾತ್ರೆ ಮುಗಿಯುವುದು ಜೂನ್‌ನಲ್ಲಿ. ಕೆಲಸ ಮುಗಿಯುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಚಿಕ್ಕಪ್ಪನ ಪಕ್ಕದ ತೋಟದ ಲೈನಿನಲ್ಲಿ ಒಬ್ಬ ಜಾರ್ಖಂಡಿನ ಹುಡುಗ ಇದ್ದ. ಇಪ್ಪತ್ತೆರಡೋ ಮೂರೋ ವಯಸ್ಸು. ಇಬ್ಬರೂ ಒಂದೇ ದಿನ ಪಿಎಚ್‌ಸಿಗೆ ಮಾತ್ರೆ ತರಲು ಹೋಗುತ್ತಿದ್ದರು. ಇವರಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಮೂತ್ರದ ಬಣ್ಣದ ಬಗ್ಗೆ ಕೈಸನ್ನೆಯಲ್ಲಿ ಮಾತಾಡಿಕೊಂಡು ನಗುತ್ತಿದ್ದರಂತೆ. ಎರಡು ತಿಂಗಳು ಮುಗಿಯುವಷ್ಟರಲ್ಲಿ ಅವನ ಕೆಮ್ಮು ನಿಂತಿತು. ಫೆಬ್ರವರಿ ಕೊನೆಯಲ್ಲಿ ಗುಂಪು ಊರಿಗೆ ಹೊರಟಿತು, ಅವನೂ ಹೊರಟ. ನಿಕ್ಷಯ್ ನಂಬರ್ ದೇಶದ ಎಲ್ಲಿ ಬೇಕಾದರೂ ನಡೆಯುತ್ತದೆ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಮಾತ್ರೆ ಸಿಗುತ್ತದೆ. ಆಶಾ ಆ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಒಂದು ವಾರದ ಮೇಲೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವನು ಅಲ್ಲಿ ಮಾತ್ರೆ ಮುಂದುವರಿಸಿದನಾ, ಕೆಮ್ಮು ನಿಂತಿತಲ್ಲ ಅಂತ ಸುಮ್ನೆ ಬಿಟ್ಟನಾ? ಚಿಕ್ಕಪ್ಪ ಈಗಲೂ ಕೇಳುತ್ತಾರೆ.

ಅರ್ಧಕ್ಕೆ ಬಿಟ್ಟ ಮಾತ್ರೆಯ ಅಪಾಯ ಎಲ್ಲರಿಗೂ ಗೊತ್ತಿರುವುದೇ. ಉಳಿದ ರೋಗಾಣುಗಳು ಔಷಧಿಗೆ ಬಗ್ಗದ ಹಾಗೆ ಆಗಬಹುದು. 2014-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೊಸ ರೋಗಿಗಳಲ್ಲಿ ನೂರಕ್ಕೆ 2.84 ಜನರಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿ ಸಿಕ್ಕಿತ್ತು. ಹಿಂದೆ ಒಮ್ಮೆ ಚಿಕಿತ್ಸೆ ಪಡೆದವರಲ್ಲಿ 11.6. ಇಂಥ ಟಿಬಿಗೆ ಹಿಂದೆ ಒಂದೂವರೆ ವರ್ಷಕ್ಕೂ ಜಾಸ್ತಿ ಮಾತ್ರೆ, ಇಂಜೆಕ್ಷನ್ ಅಂತ ಇತ್ತು. ಬೆಡಾಕ್ವಿಲಿನ್ ಸೇರಿದ ಆರು ತಿಂಗಳ ಹೊಸ ಚಿಕಿತ್ಸೆಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ದೊಡ್ಡ ಸಮಾಧಾನ ಅದು. ಆದರೆ ತಪ್ಪು ಯಾವಾಗಲೂ ರೋಗಿಯದೇ ಅಂತಲೂ ಅಲ್ಲ. 2024ರ ಮಾರ್ಚ್‌ನಲ್ಲಿ ದೇಶದ ಹಲವು ಕಡೆ ಮಾತ್ರೆ ಸಾಲದೆ ಬಂದು, ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ಕೇಂದ್ರವೇ ರಾಜ್ಯಗಳಿಗೆ ಪತ್ರ ಬರೆಯಿತು. ಆ ತಿಂಗಳು ಚಿಕ್ಕಪ್ಪನಿಗೆ ವಾರ ವಾರಕ್ಕೆ ಎಣಿಸಿ ಕೊಟ್ಟರು. ಬಸ್ ಚಾರ್ಜ್ ನಾಲ್ಕು ಪಟ್ಟು.

ಈಗ ಪಂಚಾಯಿತಿ ಲೆಕ್ಕಕ್ಕೆ ಬರೋಣ. ‘ಟಿಬಿ ಮುಕ್ತ ಪಂಚಾಯಿತಿ’ ಅಂತ ಒಂದು ಯೋಜನೆ ಇದೆ. ಮೊದಲ ವರ್ಷ ಗೆದ್ದರೆ ಕಂಚಿನ ಬಣ್ಣದ ಗಾಂಧಿ ಪ್ರತಿಮೆ, ಎರಡನೇ ವರ್ಷ ಬೆಳ್ಳಿ, ಮೂರನೇ ವರ್ಷ ಚಿನ್ನ. ಷರತ್ತುಗಳಲ್ಲಿ ಮುಖ್ಯವಾದವು ಮೂರು. ಸಾವಿರ ಜನಕ್ಕೆ ವರ್ಷಕ್ಕೆ ಕನಿಷ್ಠ 30 ಪರೀಕ್ಷೆ ಆಗಿರಬೇಕು. ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ರೋಗಿ ಇರಬಾರದು. ಚಿಕಿತ್ಸೆಯ ಯಶಸ್ಸು ನೂರಕ್ಕೆ 85 ಇರಬೇಕು. ಓದಲು ಚೆನ್ನಾಗಿದೆ. ಪರೀಕ್ಷೆಯ ಷರತ್ತು ಹಾಕಿದವರು ಯೋಚನೆ ಮಾಡಿಯೇ ಹಾಕಿದ್ದಾರೆ, ಹುಡುಕದೆ ‘ಇಲ್ಲ’ ಅಂತ ಬರೆಯುವ ಹಾಗಿಲ್ಲ.

ನಮ್ಮದು 4,000 ಜನದ ಪಂಚಾಯಿತಿ. 120 ಪರೀಕ್ಷೆ ಆಗಬೇಕು. ರೋಗಿಗಳು ನಾಲ್ಕು ಮೀರಬಾರದು. ಆ ನಾಲ್ವರಲ್ಲಿ ಒಬ್ಬರು ತೀರಿಕೊಂಡರೆ ಯಶಸ್ಸು 75ಕ್ಕೆ ಇಳಿಯಿತು, ಪ್ರತಿಮೆ ಹೋಯಿತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಶೇಕಡಾವಾರು ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಒಬ್ಬ ಮುದುಕರ ಆಯುಸ್ಸು ಪಂಚಾಯಿತಿಯ ಅಂಕಪಟ್ಟಿ ಆಗುತ್ತದೆ. ಇನ್ನೊಂದು, ಆ 120 ಪರೀಕ್ಷೆ ಯಾರದ್ದು? ಶಿಬಿರಕ್ಕೆ ಬಂದ, ಸ್ವಲ್ಪ ಕೆಮ್ಮಿದ, ಕರೆದ ಕೂಡಲೇ ಕಫ ಕೊಡುವ ಊರಿನವರದ್ದೇ 120 ಆದರೂ ಷರತ್ತು ಮುಗಿಯಿತು. ಲೈನಿನವರನ್ನು ಪರೀಕ್ಷೆ ಮಾಡಿದರೆ ಕೇಸ್ ಸಿಗುವ ಸಂಭವ ಜಾಸ್ತಿ. ಸಿಕ್ಕರೆ ನಾಲ್ಕರ ಗಡಿ ದಾಟುತ್ತದೆ. ಸಿಕ್ಕವನು ಫೆಬ್ರವರಿಯಲ್ಲಿ ಹೊರಟರೆ ಯಶಸ್ಸಿನ ಅಂಕಿಯೂ ಬೀಳುತ್ತದೆ. ಯಾರೂ ಬೇಕೆಂದು ಮೋಸ ಮಾಡಬೇಕಾಗಿಲ್ಲ. ಲೈನಿನ ಕಡೆ ಹೋಗದಿದ್ದರೆ ಸಾಕು.

2025ರ ಅಕ್ಟೋಬರ್‌ನಲ್ಲಿ ನಡೆದ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳಿದೆ. ಹೋದ ವರ್ಷದ ಪರೀಕ್ಷೆಗಳಲ್ಲಿ ಲೈನ್ ಮನೆಯವರದ್ದು ಎಷ್ಟು? ಪಿಡಿಒ ಕಡತ ತಿರುಗಿಸಿದರು. ಜನಸಂಖ್ಯೆ ಅನ್ನುವ ಕಡೆ 2011ರ ಅಂಕಿ ಇತ್ತು. ಲೈನಿನವರು ಅದರಲ್ಲೂ ಇರಲಿಲ್ಲ, ಪರೀಕ್ಷೆ ಪಟ್ಟಿಯಲ್ಲೂ ಇರಲಿಲ್ಲ. ಸಭೆ ರಸ್ತೆ ಗುಂಡಿಯ ವಿಷಯಕ್ಕೆ ಹೋಯಿತು. ಹೊರಗೆ ಬಂದ ಮೇಲೆ ಆಶಾ ಹೇಳಿದಳು, “ಹಣ್ಣು ಶುರುವಾಗ್ಲಿ ಸರ್, ಡಬ್ಬಿ ತಗೊಂಡು ನಾನೇ ಬರ್ತೀನಿ. ರೈಟರಿಗೆ ಮೊದಲೇ ಹೇಳಿಡಿ. ಬೆಳಗ್ಗೆ ಎದ್ದ ಕೂಡಲೇ ಬರೋ ಕಫ ಬೇಕು, ಏಳು ಗಂಟೆ ಆದ್ರೆ ಎಲ್ಲ ಕೆಲಸಕ್ಕೆ ಹೊರಟುಬಿಡ್ತಾರೆ.”

ಡಿಸೆಂಬರ್ ಎರಡನೇ ವಾರ ಬಂದಳು. ಆರೂವರೆ, ಇನ್ನೂ ಮಂಜು ಬಿಟ್ಟಿರಲಿಲ್ಲ. ಹಿಂದಿ ಬರುವ ಮೇಸ್ತ್ರಿ ಒಬ್ಬನನ್ನು ಜೊತೆಗಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಹೋದಳು. ಇಪ್ಪತ್ತು ಡಬ್ಬಿ ತಂದಿದ್ದಳು. ಕೆಲವರು ಉಗುಳು ಕೊಟ್ಟರು, ಅದನ್ನು ವಾಪಸ್ ಕೊಟ್ಟು, ಎದೆಯಿಂದ ಕೆಮ್ಮಿ ತೆಗೆಯುವುದು ಹೇಗೆ ಅಂತ ತಾನೇ ಕೆಮ್ಮಿ ತೋರಿಸಿದಳು. ಹೆಂಗಸರು ಮೊದಲು ನಕ್ಕರು, ಆಮೇಲೆ ಕೊಟ್ಟರು. ಹದಿನಾಲ್ಕು ಡಬ್ಬಿ ತುಂಬಿದವು. ಚಿಕ್ಕಪ್ಪ ತಮ್ಮ ಬೈಕಿನಲ್ಲಿ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು.

ಮಾರನೇ ದಿನ ಸಂಜೆ ಫೋನ್ ಬಂತು. ಹದಿನಾಲ್ಕರಲ್ಲಿ ಒಂದು ಪಾಸಿಟಿವ್. ಆ ವರ್ಷ ನಮ್ಮ ಪಂಚಾಯಿತಿಯಲ್ಲಿ ಅದು ಐದನೇ ಕೇಸ್.